ಬೇಸಿಗೆ ರಜೆಯ ಏಳು ವಾರಗಳು: ಬನಶಂಕರಿ ಸೀಮೆಯ ಯುವಜನರು ಮತ್ತು ವರ್ತಕ ವರ್ಗದ ಹೊಣೆ

ಬನಶಂಕರಿಯಲ್ಲಿ ವ್ಯಾಪಾರದ ಋತು ಯಾವುದೆಂಬುದನ್ನು ಈ ಭಾಗದ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೆ ಬಾದಾಮಿ ತಾಲೂಕಿನ ಚೊಳಚಗುಡ್ಡದ ಬಯಲಿನಲ್ಲಿ ವಾರಗಟ್ಟಲೆ ಜಾತ್ರೆ ನೆರೆಯುತ್ತದೆ. ಮರದ ಬಾಗಿಲು-ಚೌಕಟ್ಟುಗಳಿಂದ ಹಿಡಿದು ಬಳೆ-ಕುಂಕುಮದವರೆಗೆ, ಇಳಕಲ್ ಸೀರೆ ಹಾಗೂ ಗುಳೇದಗುಡ್ಡದ ಖಣದಿಂದ ಹಿಡಿದು ಅಮೀನಗಡದ ಕರದಂಟಿನವರೆಗೆ ಎಲ್ಲವೂ ಬಿಕರಿಯಾಗುತ್ತವೆ. ವೃತ್ತಿ ನಾಟಕ ಕಂಪನಿಗಳು ರಂಗಮಂದಿರ ಕಟ್ಟಿ ರಾತ್ರಿಯಿಡೀ ಆಡುತ್ತವೆ. ಗುಡಿಯ ಅಂಗಳದಲ್ಲಿ ಬುಟ್ಟಿ ಹೊತ್ತು ಜೋಳದ ರೊಟ್ಟಿ, ಕಾಳುಪಲ್ಯ, ಮಣ್ಣಿನ ಕುಡಿಕೆಯ ಮೊಸರು ಮಾರುವ ಹೆಣ್ಣುಮಕ್ಕಳಿಗೂ ಅದು ಸುಗ್ಗಿಯ ಕಾಲ.

ಏಪ್ರಿಲ್ ಎರಡನೆಯ ವಾರದ ಚಿತ್ರ ಬೇರೆ. ಉಷ್ಣಾಂಶ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಬರುತ್ತಿದ್ದ ಪ್ರವಾಸಿಗರ ಸಂಖ್ಯೆ ಇಳಿಯುತ್ತದೆ. ಮಳೆಯಾಶ್ರಿತ ಹೊಲಗಳಲ್ಲಿ ಕೆಲಸವಿಲ್ಲದೆ ಅನೇಕ ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕಾಮಗಾರಿಗಳತ್ತ ಗುಳೆ ಹೊರಡುತ್ತವೆ. ಇದೇ ಸಮಯಕ್ಕೆ ಶಾಲೆಗಳ ಬಾಗಿಲೂ ಮುಚ್ಚುತ್ತದೆ. ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ ಹತ್ತಿರ ಹತ್ತಿರ ಏಳು ವಾರ ರಜೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿದವರಿಗೆ ಈ ಅಂತರ ಇನ್ನೂ ದೀರ್ಘವಾದುದು; ಫಲಿತಾಂಶ ಬಂದು, ಪಿ.ಯು. ಅಥವಾ ಐ.ಟಿ.ಐ. ಪ್ರವೇಶ ಪಡೆದು ಮತ್ತೆ ತರಗತಿಯಲ್ಲಿ ಕುಳಿತುಕೊಳ್ಳುವವರೆಗೆ ಎರಡು ತಿಂಗಳು ಕಳೆದಿರುತ್ತವೆ. ಈ ಎರಡು ತಿಂಗಳಲ್ಲಿ ಗುಳೆಯ ಗಾಡಿ ಹತ್ತಿದ ಹುಡುಗನಾಗಲೀ, ಮದುವೆಯ ಚಪ್ಪರದಡಿ ಕುಳಿತ ಹುಡುಗಿಯಾಗಲೀ ಜೂನ್ ತಿಂಗಳಲ್ಲಿ ಮರಳಿ ಶಾಲೆಗೆ ಬರುವುದು ಅಪರೂಪ.

ನಗರಗಳಲ್ಲಿ ಬೇಸಿಗೆ ಶಿಬಿರವೆಂದರೆ ಚಿತ್ರಕಲೆ, ಈಜು, ಕರಾಟೆ ಎಂಬ ಕಲ್ಪನೆ ಬೇರೂರಿದೆ. ಶುಲ್ಕ ತೆತ್ತು ಮಕ್ಕಳನ್ನು ಕಳುಹಿಸುವ ಪೋಷಕರಿಗೆ ಅದು ಅನುಕೂಲ. ಮೈಸೂರಿನ ರಂಗಾಯಣವು ಪ್ರತಿ ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ‘ಚಿನ್ನರ ಮೇಳ’ದಂತಹ ಶಿಬಿರಗಳಿಗೆ ತಮ್ಮದೇ ಆದ ಘನತೆ ಉಂಟು. ಆದರೆ ಬಾದಾಮಿ, ಹುನಗುಂದ, ಇಳಕಲ್ ಭಾಗದ ಅಗತ್ಯವೇ ಬೇರೆ. ಇಲ್ಲಿ ಬೇಸಿಗೆ ಕಾರ್ಯಕ್ರಮವೆಂದರೆ ಮೊದಲು ಹೊಟ್ಟೆಗೆ ಊಟ, ಬಳಿಕ ಕೈಗೆ ಕೆಲಸದ ಪರಿಚಯ, ಅದರೊಂದಿಗೆ ಓದು ಕೈಬಿಡದಂತೆ ನೋಡಿಕೊಳ್ಳುವ ಏರ್ಪಾಡು.

ಊಟದಿಂದ ಆರಂಭ

ಊಟದ ಮಾತು ಬಂದಾಗ ಈ ಜಿಲ್ಲೆಯ ಅನುಭವವನ್ನು ನೆನೆಯಬೇಕು. ರಾಜ್ಯ ಸರ್ಕಾರವು 2002-03ರಲ್ಲಿ ಅಕ್ಷರ ದಾಸೋಹ ಯೋಜನೆಯನ್ನು ಆರಂಭಿಸಿದಾಗ ಮೊದಲ ಹಂತಕ್ಕೆ ಆಯ್ಕೆಯಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, 2024ರ ಬೇಸಿಗೆ ರಜೆಯಲ್ಲಿ ಆ ತಾಲೂಕುಗಳ ಶಾಲೆಗಳಲ್ಲಿ ಊಟ ಮುಂದುವರಿಯಿತು. ಮಳೆ ತೃಪ್ತಿಕರವಾದ ವರ್ಷದಲ್ಲಿ ಮಾತ್ರ ರಜೆಯ ಊಟವಿಲ್ಲ. ಮಳೆ ಬಂದ ವರ್ಷದಲ್ಲಿಯೂ ಭೂಹೀನ ಕೂಲಿಕಾರನ ಮನೆಯ ಏಪ್ರಿಲ್ ತಿಂಗಳು ಬರಗಾಲದ ಏಪ್ರಿಲ್‌ಗಿಂತ ಹೆಚ್ಚು ಭಿನ್ನವಾಗಿರುವುದಿಲ್ಲ ಎಂಬುದನ್ನು ಸರ್ಕಾರದ ಕಡತಗಳು ಗುರುತಿಸುವುದಿಲ್ಲ. ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಗುರುತಿಸುತ್ತದೆ. ಸಮುದಾಯದ ಬೇಸಿಗೆ ಶಿಬಿರಕ್ಕೆ ಇಲ್ಲಿ ಸ್ಥಳವಿದೆ. ಊಟವಿರುವ ಶಿಬಿರಕ್ಕೆ ಹಾಜರಾತಿಯ ಚಿಂತೆ ಬಹುಮಟ್ಟಿಗೆ ಇರುವುದಿಲ್ಲ.

ಹಿಂದಿನವರು ನಡೆದ ದಾರಿ

ಯುವಜನರ ಹೊಣೆಯನ್ನು ಸಮಾಜವೇ ಹೊರುವುದು ಈ ಸೀಮೆಗೆ ಹೊಸತಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು 1906ರಲ್ಲಿ, ಸರ್ಕಾರಿ ಅನುದಾನದ ಕಲ್ಪನೆಯೇ ದುರ್ಬಲವಾಗಿದ್ದ ಕಾಲದಲ್ಲಿ. ಮಠಗಳು ಮತ್ತು ದಾನಿಗಳು ಕೂಡಿ ಉಚಿತ ಪ್ರಸಾದ ನಿಲಯಗಳನ್ನು ನಡೆಸಿ ಹಳ್ಳಿಯ ಹುಡುಗರನ್ನು ಓದಿಸಿದ ಚರಿತ್ರೆ ಉತ್ತರ ಕರ್ನಾಟಕದ ಪ್ರತಿಯೊಂದು ಪೇಟೆಯಲ್ಲಿಯೂ ಸಿಗುತ್ತದೆ.

ಇಳಕಲ್ಲಿನ ಉದಾಹರಣೆ ಇನ್ನೂ ವಿಶಿಷ್ಟವಾದುದು. ಚಿತ್ತರಗಿ-ಇಳಕಲ್ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿ, ಊರೂರು ಸುತ್ತಿ, ಕಾಣಿಕೆಯ ಬದಲಿಗೆ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಕುಡಿತ, ತಂಬಾಕು, ಗುಟಕಾಗಳನ್ನು ಜೋಳಿಗೆಗೆ ಹಾಕಿ ಪ್ರತಿಜ್ಞೆ ಮಾಡಿದವರಲ್ಲಿ ಯುವಕರೂ ಇದ್ದರು. ಸ್ವಾಮಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಪೇಟೆಯವರು ಗಮನಿಸಬೇಕಾದ ಅಂಶವೆಂದರೆ, ಚಟ ಹತ್ತುವ ವಯಸ್ಸು ಹದಿನೈದರಿಂದ ಇಪ್ಪತ್ತು, ಹತ್ತುವ ಸ್ಥಳ ಬಸ್ ನಿಲ್ದಾಣದ ಪಕ್ಕದ ಪಾನ್ ಅಂಗಡಿ, ಹತ್ತುವ ಕಾಲ ಮಾಡಲು ಏನೂ ಕೆಲಸವಿಲ್ಲದ ಮಧ್ಯಾಹ್ನ. ಬೇಸಿಗೆಯ ಏಳು ವಾರಗಳಲ್ಲಿ ಇಂತಹ ಮಧ್ಯಾಹ್ನಗಳು ಸುಮಾರು ಐವತ್ತು.

ಉದ್ಯೋಗ ತರಬೇತಿಯ ವಿಷಯದಲ್ಲಿ ಕರ್ನಾಟಕ ಇಡೀ ದೇಶಕ್ಕೆ ಮಾದರಿ ಒದಗಿಸಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದೊಂದಿಗೆ 1982ರಲ್ಲಿ ಉಜಿರೆಯಲ್ಲಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆ ಉಚಿತ ಊಟ-ವಸತಿಯೊಂದಿಗೆ ಅಲ್ಪಾವಧಿ ತರಬೇತಿ ಕೊಟ್ಟು, ನಂತರವೂ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವ ಪದ್ಧತಿಯನ್ನು ರೂಪಿಸಿತು. ಈ ಪದ್ಧತಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಅಂಗೀಕರಿಸಿ, ಪ್ರತಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ನಡೆಸುವ ಯೋಜನೆಯನ್ನು ಕೈಗೊಂಡಿತು. (ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹೆಸರು ಹೋಯಿತು, ಅದು ನೆಟ್ಟ ಗಿಡ ಉಳಿಯಿತು.) ತರಬೇತಿ ಕೊಡುವುದು ಸುಲಭ, ತರಬೇತಿಯ ನಂತರದ ಎರಡು ವರ್ಷ ಅಭ್ಯರ್ಥಿಯನ್ನು ಹಿಂಬಾಲಿಸುವುದು ಕಷ್ಟ. ಉಜಿರೆಯ ಪ್ರಯೋಗದ ಯಶಸ್ಸು ಈ ಎರಡನೆಯ ಭಾಗದಲ್ಲಿದೆ. ಬೇಸಿಗೆ ಶಿಬಿರ ನಡೆಸ ಹೊರಟವರು ಸಾಮಾನ್ಯವಾಗಿ ಮರೆಯುವುದೂ ಇದನ್ನೇ.

ಹಳ್ಳಿಗಳಲ್ಲಿ ಈಗ ಇನ್ನೊಂದು ಅನುಕೂಲವಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದ ತರುವಾಯ ಗಣನೀಯವಾಗಿ ಸುಧಾರಿಸಿ, ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ. 2023ರ ಮೇ ತಿಂಗಳಲ್ಲಿ ಇಲಾಖೆಯೇ ಈ ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳನ್ನು ಏರ್ಪಡಿಸಿತ್ತು. ಕಟ್ಟಡವಿದೆ, ಪುಸ್ತಕವಿದೆ, ಬಹಳಷ್ಟು ಕಡೆ ಗಣಕಯಂತ್ರವೂ ಇದೆ. ಗ್ರಂಥಪಾಲಕರಿಗೆ ಬೇಕಾಗಿರುವುದು ಮಧ್ಯಾಹ್ನದ ಊಟದ ಖರ್ಚು, ವಾರಕ್ಕೆರಡು ಬಾರಿ ಬಂದು ಕೈಕಸುಬು ತೋರಿಸುವ ಒಬ್ಬ ಕುಶಲಕರ್ಮಿ, ಮತ್ತು ಬಿಸಿಲಿಗೆ ಒಂದು ಹೆಚ್ಚಿನ ಪಂಖ. ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಉತ್ಸಾಹವನ್ನು ದಾನಿಗಳು ಇಲ್ಲಿ ಸ್ವಲ್ಪ ಹತೋಟಿಯಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಕಾನೂನು ಹಾಕಿದ ಗೆರೆ

ವರ್ತಕರು ಮತ್ತು ಸಣ್ಣ ಉತ್ಪಾದಕರು ಹಿಂಜರಿಯುವ ಒಂದು ಕಾರಣ ಕಾನೂನಿನ ಭಯ. ಹುಡುಗನನ್ನು ಅಂಗಡಿಯಲ್ಲಿ ಕೂಡ್ರಿಸಿಕೊಂಡರೆ ಬಾಲಕಾರ್ಮಿಕ ನಿರೀಕ್ಷಕರು ಬಂದಾರೆಂಬ ಆತಂಕ ಅಕಾರಣವಾದುದಲ್ಲ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷ ತುಂಬದ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವಂತಿಲ್ಲ. ಉಲ್ಲಂಘಿಸಿದರೆ 6 ತಿಂಗಳಿನಿಂದ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೇ ರೂ. 20,000ದಿಂದ ರೂ. 50,000ದವರೆಗೆ ದಂಡ, ಅಥವಾ ಎರಡೂ. ಅಪಾಯಕಾರಿಯಲ್ಲದ ಕೌಟುಂಬಿಕ ವೃತ್ತಿಯಲ್ಲಿ ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಗು ನೆರವಾಗಬಹುದೆಂಬ ವಿನಾಯಿತಿ ಉಂಟು. ಆದರೆ ‘ಕುಟುಂಬ’ ಎಂಬ ಪದಕ್ಕೆ ಕಾಯಿದೆಯೇ ಅರ್ಥ ಕೊಟ್ಟಿದೆ: ತಂದೆ, ತಾಯಿ, ಒಡಹುಟ್ಟಿದವರು, ತಂದೆ ಮತ್ತು ತಾಯಿಯರ ಒಡಹುಟ್ಟಿದವರು. ಇಳಕಲ್ಲಿನಲ್ಲಿ ತಾಯಿ ಕಂಡಿಕೆ ಸುತ್ತುವಾಗ ಮಗಳು ಪಕ್ಕದಲ್ಲಿ ಕುಳಿತು ಕೈಗೂಡಿಸಿದರೆ ಅದು ಅಪರಾಧವಲ್ಲ. ಅದೇ ಮಗಳು ಯಜಮಾನರ ಮನೆಯ ಮಗ್ಗದಲ್ಲಿ ದಿನಗೂಲಿಗೆ ಕುಳಿತರೆ ಅಪರಾಧ.

14ರಿಂದ 18 ವರ್ಷದೊಳಗಿನವರನ್ನು ಕಾಯಿದೆ ‘ಕಿಶೋರ’ರೆಂದು ಕರೆಯುತ್ತದೆ. ಗಣಿ, ಸ್ಫೋಟಕ, ಬೇಗ ಹೊತ್ತಿಕೊಳ್ಳುವ ಪದಾರ್ಥ ಹಾಗೂ ಇತರ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ಅವರಿಗೆ ಪ್ರವೇಶವಿಲ್ಲ. ಇಳಕಲ್ ಸುತ್ತಲಿನ ಕೆಂಪು ಗ್ರಾನೈಟ್ ಕ್ವಾರಿಗಳ ಮಾಲೀಕರು ‘ಸುಮ್ಮನೆ ಲೆಕ್ಕ ಬರೆಯಲು’ ಎಂಬ ನೆಪದಿಂದಲೂ ಹುಡುಗರನ್ನು ಕ್ವಾರಿಯೊಳಗೆ ಬಿಟ್ಟುಕೊಳ್ಳಬಾರದು. ಅನುಮತಿ ಇರುವ ಕೆಲಸಗಳಲ್ಲಿಯೂ ಕಾಯಿದೆಯ ನಿಬಂಧನೆಗಳು ಅನ್ವಯಿಸುವ ಸ್ಥಳಗಳಲ್ಲಿ ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು, ವಾರಕ್ಕೊಂದು ರಜೆ ಕಡ್ಡಾಯ. ಈ ಗೆರೆಗಳನ್ನು ಓದಿದ ಯಾರಿಗೂ ಅರ್ಥವಾಗುವಂತೆ, ಶಿಬಿರವನ್ನು ಕಲಿಕೆಯ ಸ್ಥಳವಾಗಿಯೇ ಇಡುವುದು ಕ್ಷೇಮ: ಅಂಗಡಿ-ಕಾರ್ಖಾನೆಯ ಹೊರಗೆ, ಶಾಲೆ ಅಥವಾ ಸಮುದಾಯ ಭವನದಲ್ಲಿ, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ, ಉತ್ಪಾದನೆಯ ಗುರಿಯಿಲ್ಲದೆ. ಬೇಸಿಗೆ ತರಬೇತಿಯ ಹೆಸರಿನಲ್ಲಿ ಅಗ್ಗದ ಕೂಲಿ ಪಡೆಯುವವರೂ ಇದ್ದಾರೆ. ಅಂತಹ ಒಬ್ಬನ ದೆಸೆಯಿಂದ ಇಡೀ ಪೇಟೆಗೆ ಕೆಟ್ಟ ಹೆಸರು ಬರುತ್ತದೆ.

ಕಲಿಕೆ ಉದ್ಯೋಗವಾಗಿ ಬೆಳೆಯಬೇಕಾದರೆ 1961ರ ಶಿಶಿಕ್ಷು ಕಾಯಿದೆಯ ದಾರಿ ಇದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಘಟಕಗಳು ತಮ್ಮ ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಘಟಕಗಳಿಗೆ ಐಚ್ಛಿಕ. ಈ ಐಚ್ಛಿಕ ಅವಕಾಶ ತಮಗೂ ಇದೆಯೆಂಬುದೇ ಬಹಳಷ್ಟು ಸಣ್ಣ ಉತ್ಪಾದಕರಿಗೆ ತಿಳಿದಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ನಿಗದಿತ ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ ರೂ. 1,500ರ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತದೆ. 2019ರ ದರದಂತೆ ಹತ್ತನೇ ತರಗತಿ ಮುಗಿಸಿದವನ ಕನಿಷ್ಠ ಶಿಷ್ಯವೇತನ ರೂ. 6,000, ಅದರಲ್ಲಿ ಮಾಲೀಕನ ಪಾಲು ರೂ. 4,500. ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಒಪ್ಪಂದಕ್ಕೆ ಮುನ್ನ ಯೋಜನೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು. ಶಿಶಿಕ್ಷು ಒಪ್ಪಂದದ ಕನಿಷ್ಠ ಅವಧಿ ಬೇಸಿಗೆ ರಜೆಗಿಂತ ದೀರ್ಘವಾದುದು. ಆದ್ದರಿಂದ ಬೇಸಿಗೆ ಶಿಬಿರ ಇದಕ್ಕೆ ಬದಲಿಯಲ್ಲ; ಹುಡುಗನಿಗೆ ಕೆಲಸ ಒಗ್ಗುವುದೋ, ಮಾಲೀಕನಿಗೆ ಹುಡುಗ ಒಗ್ಗುವನೋ ಎಂದು ನೋಡುವ ಮೊದಲ ಮೆಟ್ಟಿಲು ಮಾತ್ರ.

ಏನನ್ನು ಕಲಿಸಬೇಕು

ಬನಶಂಕರಿ ದೇವಿ ದೇವಾಂಗ ನೇಕಾರರ ಕುಲದೇವತೆ. ಆದರೆ ದೇವಿಯ ಒಕ್ಕಲಿನ ಮಕ್ಕಳು ಮಗ್ಗದ ಕುಣಿಗೆ ಇಳಿಯಲು ಈಗ ಮನಸ್ಸು ಮಾಡುತ್ತಿಲ್ಲ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳ ಪೈಕಿ ಶೇ. 66ಕ್ಕೂ ಹೆಚ್ಚು ಕುಟುಂಬಗಳ ಮಾಸಿಕ ಗಳಿಕೆ ರೂ. 5,000ಕ್ಕಿಂತ ಕಡಿಮೆ. ಈ ಅಂಕಿಯನ್ನು ಮುಚ್ಚಿಟ್ಟು ಹದಿನಾರರ ಹುಡುಗನಿಗೆ ಪರಂಪರೆಯ ಉಪದೇಶ ಮಾಡುವುದು ನ್ಯಾಯವಲ್ಲ. ನೇಯ್ಗೆಯನ್ನು ಕಲಿಸುವುದಾದರೆ ನೇಯ್ಗೆಯ ಜೊತೆಗೆ ಅದರ ವ್ಯಾಪಾರವನ್ನೂ ಕಲಿಸಬೇಕು. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ಕೌಶಲವನ್ನು ಗ್ರಾಹಕನಿಗೆ ವಿವರಿಸಿ ಹೇಳಬಲ್ಲ, ಸೀರೆಯ ಛಾಯಾಚಿತ್ರವನ್ನು ಅಚ್ಚುಕಟ್ಟಾಗಿ ತೆಗೆಯಬಲ್ಲ, ನೂಲು-ಬಣ್ಣ-ಮಜೂರಿ ಸೇರಿಸಿ ಒಂದು ಸೀರೆಯ ಅಸಲು ಎಷ್ಟೆಂದು ಲೆಕ್ಕ ಹಾಕಬಲ್ಲ ತರುಣನಿಗೆ ಮಗ್ಗ ಬೇರೆಯದೇ ಆಗಿ ಕಾಣುತ್ತದೆ. ತಾನು ನೇಯ್ದ ಸೀರೆಯ ಅಸಲು ಬೆಲೆ ತಿಳಿಯದಿರುವುದೇ ಎಷ್ಟೋ ನೇಕಾರ ಮನೆಗಳ ಬಡತನದ ಒಂದು ಕಾರಣ.

ಜಾತ್ರೆಯಲ್ಲಿ ಮಾರಾಟವಾಗುವ ಬಾಗಿಲುಗಳ ಬಡಗಿ ಕೆಲಸವೂ ಹಾಗೆಯೇ. ಅಳತೆ, ಮರದ ಗುಣ, ಘನ ಅಡಿಯ ಲೆಕ್ಕ ಇವು ಗಣಿತ ಪುಸ್ತಕದಲ್ಲಿ ಇರುವುದೇ. ಪುಸ್ತಕದಲ್ಲಿ ಅರ್ಥವಾಗದ ಗಾತ್ರದ ಸೂತ್ರ ಚೌಕಟ್ಟಿನ ಮುಂದೆ ನಿಂತಾಗ ಹುಡುಗನಿಗೆ ಅರ್ಥವಾಗುತ್ತದೆ. ಅಮೀನಗಡದ ಕರದಂಟು ತಯಾರಕರು ಆಹಾರ ಸುರಕ್ಷತೆ, ಪೊಟ್ಟಣದ ಮೇಲಿನ ಬರಹ, ಬಾಳಿಕೆ ಅವಧಿ ಮುಂತಾದವನ್ನು ಎರಡು ದಿನಗಳಲ್ಲಿ ತಿಳಿಸಿಕೊಡಬಹುದು. ಅಡತಿ ಅಂಗಡಿಯ ಹಿರಿಯ ಗುಮಾಸ್ತರೊಬ್ಬರು ನಗದು ಪುಸ್ತಕ, ಖಾತೆ ಪುಸ್ತಕ, ಜಿ.ಎಸ್.ಟಿ. ಬಿಲ್ಲು ಇವುಗಳನ್ನು ವಾರದಲ್ಲಿ ಕಲಿಸಬಲ್ಲರು. ಇವೆಲ್ಲವೂ ಈ ಪೇಟೆಯಲ್ಲಿಯೇ ಇರುವ ಜ್ಞಾನ, ಹೊರಗಿನಿಂದ ತರಬೇಕಾದದ್ದು ಯಾವುದೂ ಇಲ್ಲ.

ಪ್ರವಾಸೋದ್ಯಮದ ವಿಷಯದಲ್ಲಿ ಒಂದು ಎಚ್ಚರಿಕೆ. ಬಾದಾಮಿಯ ಮರಳುಗಲ್ಲಿನ ಬಂಡೆಗಳು ಶಿಲಾರೋಹಣಕ್ಕೆ ದೇಶದಲ್ಲಿಯೇ ಹೆಸರಾದವು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಲ್ಲಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ಮಕ್ಕಳನ್ನು ಹತ್ತಿಸುವುದು ಸಾಹಸವಲ್ಲ, ಅವಿವೇಕ. ಅದಕ್ಕೆ ಚಳಿಗಾಲ ಇದೆ. ಬೇಸಿಗೆಯಲ್ಲಿ ಮಾಡಬೇಕಾದುದು ನೆರಳಿನ ಕೆಲಸ: ಚಾಲುಕ್ಯರ ಇತಿಹಾಸ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ದೇವಾಲಯಗಳ ಪರಿಚಯ, ಹಿಂದಿ ಮತ್ತು ಇಂಗ್ಲಿಷ್ ಸಂಭಾಷಣೆ, ಪ್ರಥಮ ಚಿಕಿತ್ಸೆ. ಅಕ್ಟೋಬರಿನಲ್ಲಿ ಪ್ರವಾಸಿಗರು ಬರುವ ಹೊತ್ತಿಗೆ 18 ತುಂಬಿದ ಯುವಕ-ಯುವತಿಯರು ಸಿದ್ಧರಾಗಿರುತ್ತಾರೆ.

ಹೆಣ್ಣುಮಕ್ಕಳ ಬೇಸಿಗೆ

ಏಪ್ರಿಲ್-ಮೇ ತಿಂಗಳುಗಳು ಮದುವೆಯ ಹಂಗಾಮು. ಜವಳಿ, ಬಂಗಾರ, ಪಾತ್ರೆ, ಕಿರಾಣಿ, ಮುದ್ರಣ, ಕಲ್ಯಾಣ ಮಂಟಪ ಎಲ್ಲ ವ್ಯಾಪಾರಗಳಿಗೂ ಅದು ಆದಾಯದ ಕಾಲ. ಹತ್ತನೇ ತರಗತಿ ಮುಗಿಸಿದ ಹೆಣ್ಣುಮಗಳಿಗೆ ಅದೇ ಗಂಡಾಂತರದ ಕಾಲವೂ ಹೌದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಇಂತಹ ವಿವಾಹ ಆರಂಭದಿಂದಲೇ ಅಸಿಂಧು. ನಡೆಸಿದವರಿಗೆ, ನೆರವಾದವರಿಗೆ 2 ವರ್ಷದವರೆಗೆ ಕಠಿಣ ಶಿಕ್ಷೆ, ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದು. ಮಂಟಪದ ಮಾಲೀಕರು ಹಾಗೂ ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದವರು ವಯಸ್ಸಿನ ದಾಖಲೆಯನ್ನು ಕೇಳಿ ಪಡೆಯುವ ರೂಢಿ ಇಟ್ಟುಕೊಳ್ಳುವುದು ತಮ್ಮ ರಕ್ಷಣೆಗೂ ಅಗತ್ಯ. ಒಂದು ಗಿರಾಕಿ ಪಕ್ಕದ ಮುದ್ರಣಾಲಯಕ್ಕೆ ಹೋಗಬಹುದು. ಪೇಟೆಯ ಎಲ್ಲ ಮುದ್ರಣಾಲಯಗಳೂ ಕೇಳಿದರೆ ಹೋಗಲಾರದು.

ಶಿಬಿರಕ್ಕೆ ಹೆಣ್ಣುಮಕ್ಕಳು ಬರಲು ಮುಖ್ಯ ಅಡಚಣೆ ಪ್ರಯಾಣ ಮತ್ತು ಸುರಕ್ಷತೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತವಾದುದರಿಂದ ಖರ್ಚಿನ ಪ್ರಶ್ನೆ ಬಗೆಹರಿದಿದೆ. ಸಂಜೆ ನಾಲ್ಕರೊಳಗೆ ಶಿಬಿರ ಮುಗಿಸುವುದು, ಒಬ್ಬ ಮಹಿಳಾ ಸಂಯೋಜಕಿ ಇರುವುದು, ಶೌಚಾಲಯ ಸುಸ್ಥಿತಿಯಲ್ಲಿರುವುದು ಈ ಮೂರನ್ನು ನೋಡಿದ ನಂತರವೇ ತಾಯಂದಿರು ಒಪ್ಪುತ್ತಾರೆ.

ಹೊರನಾಡಿನ ಅನುಭವ

ಬೇಸಿಗೆ ಕಾರ್ಯಕ್ರಮಗಳಿಂದ ನಿಜವಾಗಿ ಏನು ಫಲ ಎಂಬ ಪ್ರಶ್ನೆಗೆ ಅಮೆರಿಕದ ನಗರಗಳಲ್ಲಿ ಉತ್ತರ ಹುಡುಕಲಾಗಿದೆ. ನ್ಯೂಯಾರ್ಕ್ ನಗರದಲ್ಲಿ 1963ರಿಂದ ಯುವಜನರಿಗೆ ಬೇಸಿಗೆ ಉದ್ಯೋಗ ಕೊಡುವ ಯೋಜನೆಯಿದೆ. ಅರ್ಜಿಗಳು ಹೆಚ್ಚಾದ್ದರಿಂದ ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ. ಆಯ್ಕೆಯಾದವರನ್ನೂ ಆಗದವರನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದೇನೆಂದರೆ, ಮುಂದಿನ ವರ್ಷಗಳ ಗಳಿಕೆ ಇದರಿಂದ ಹೆಚ್ಚಾಗಲಿಲ್ಲ. ಆದರೆ ಸೆರೆಮನೆ ಸೇರುವವರ ಹಾಗೂ ಅಕಾಲ ಮರಣಕ್ಕೆ ತುತ್ತಾಗುವವರ ಪ್ರಮಾಣ ಇಳಿಯಿತು. ಷಿಕಾಗೊ ನಗರದ ಇಂತಹುದೇ ಎಂಟು ವಾರಗಳ ಯೋಜನೆಯ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವು ಹದಿನಾರು ತಿಂಗಳ ಅವಧಿಯಲ್ಲಿ ಹಿಂಸಾಪರಾಧಗಳಿಗಾಗಿ ಆಗುವ ಬಂಧನ ಶೇ. 43ರಷ್ಟು ಕಡಿಮೆಯಾದುದನ್ನು ತೋರಿಸಿತು.

ಬಾದಾಮಿ ಷಿಕಾಗೊ ಅಲ್ಲ. ಆದರೂ ಈ ಫಲಿತಾಂಶದಲ್ಲಿ ವ್ಯಾಪಾರಿ ಮನಸ್ಸಿಗೆ ತಿಳಿಯಬೇಕಾದ ಒಂದು ಸಂಗತಿಯಿದೆ. ಬೇಸಿಗೆ ಶಿಬಿರದಿಂದ ಹುಡುಗ ಕೂಡಲೇ ಸಂಪಾದನೆಗೆ ಸಿದ್ಧನಾಗುತ್ತಾನೆಂದು ನಿರೀಕ್ಷಿಸಿದವರು ನಿರಾಶರಾಗುತ್ತಾರೆ. ಅವನು ಬಾವಿ-ಹೊಂಡಗಳಲ್ಲಿ ಮುಳುಗದೆ, ಚಟಕ್ಕೆ ಬೀಳದೆ, ಶಾಲೆ ಬಿಡದೆ ಜೂನ್ ತಿಂಗಳನ್ನು ಮುಟ್ಟಿದರೆ ಹಾಕಿದ ಹಣಕ್ಕೆ ಅದೇ ಲಾಭ. ಇಂತಹ ಲಾಭ ತಖ್ತೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಜೂನ್ ಕೊನೆಯಲ್ಲಿ ಎಷ್ಟು ಜನ ಶಿಬಿರಾರ್ಥಿಗಳು ತರಗತಿಗೆ ದಾಖಲಾದರೆಂಬುದನ್ನು ಶಾಲೆಗಳಿಂದ ಕೇಳಿ ಬರೆದಿಡುವ ಪದ್ಧತಿ ಬೇಕು.

ಖರ್ಚು ಎಷ್ಟು, ಹಣ ಎಲ್ಲಿಂದ

30 ಶಿಬಿರಾರ್ಥಿಗಳ, ವಾರಕ್ಕೆ ಆರು ದಿನಗಳಂತೆ ನಾಲ್ಕು ವಾರಗಳ ಒಂದು ಶಿಬಿರವನ್ನು ಅಂದಾಜಿಗೆ ತೆಗೆದುಕೊಳ್ಳಬಹುದು. ಊಟ-ಮಜ್ಜಿಗೆಗೆ ತಲೆಗೆ ದಿನಕ್ಕೆ ರೂ. 60ರಂತೆ ರೂ. 43,200, ಇಬ್ಬರು ತರಬೇತುದಾರರಿಗೆ ದಿನಕ್ಕೆ ತಲಾ ರೂ. 800ರಂತೆ ರೂ. 38,400, ನೂಲು, ಮರ, ಕಾಗದ ಮುಂತಾದ ಸಾಮಗ್ರಿಗೆ ರೂ. 15,000, 15 ಜನ ಹುಡುಗರ ಬಸ್ ವೆಚ್ಚ ದಿನಕ್ಕೆ ರೂ. 30ರಂತೆ ರೂ. 10,800, ಅಪಘಾತ ವಿಮೆ, ಪ್ರಥಮ ಚಿಕಿತ್ಸೆ, ಇತರೆ ರೂ. 7,600. ಒಟ್ಟು ರೂ. 1,15,000. ಇಪ್ಪತ್ತಮೂರು ಅಂಗಡಿಗಳು ತಲಾ ರೂ. 5,000 ಕೊಟ್ಟರೆ ಮುಗಿಯಿತು. ಒಂದು ಕ್ರಿಕೆಟ್ ಪಂದ್ಯಾವಳಿಯ ಪೆಂಡಾಲು, ಧ್ವನಿವರ್ಧಕ, ಬ್ಯಾನರುಗಳಿಗೆ ಆಗುವ ಖರ್ಚು ಇದಕ್ಕಿಂತ ಬಹಳ ಕಡಿಮೆಯೇನಲ್ಲ.

ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ ಅನ್ವಯಿಸುವುದು ರೂ. 500 ಕೋಟಿ ನಿವ್ವಳ ಮೌಲ್ಯ, ಅಥವಾ ರೂ. 1,000 ಕೋಟಿ ವಹಿವಾಟು, ಅಥವಾ ರೂ. 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ. ಬಾದಾಮಿ ಪೇಟೆಯ ಒಡೆತನದ ಅಂಗಡಿಗಳು, ಪಾಲುದಾರಿಕೆ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅವುಗಳಿಗೆ ಅದಕ್ಕಿಂತ ಹಳೆಯ ಒಂದು ಸಂಪ್ರದಾಯವಿದೆ: ಬಿಲ್ಲಿನ ಕೊನೆಯಲ್ಲಿ ಹಚ್ಚುವ ‘ಧರ್ಮಾದಾಯ’. ಗಿರಾಕಿಯಿಂದ ಧರ್ಮಕಾರ್ಯಕ್ಕೆಂದೇ ಪಡೆದ ಇಂತಹ ಮೊಬಲಗು ವರ್ತಕನ ಆದಾಯವಲ್ಲ, ಅವನು ಅದರ ಧರ್ಮದರ್ಶಿ ಮಾತ್ರ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ (116 ಐ.ಟಿ.ಆರ್. 60) ಎತ್ತಿಹಿಡಿದಿದೆ. ಷರತ್ತು ಒಂದೇ: ಆ ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು, ಧರ್ಮಕ್ಕೇ ಖರ್ಚಾಗಬೇಕು. ಅನೇಕ ಅಂಗಡಿಗಳ ಧರ್ಮಾದಾಯ ಖಾತೆಯಲ್ಲಿ ವರ್ಷಗಳಿಂದ ಶಿಲ್ಕು ಬೆಳೆಯುತ್ತ ಬಂದಿರುತ್ತದೆ, ಖರ್ಚಿನ ನೋಂದು ಮಾತ್ರ ಕಾಣದು. ಅಂತಹ ಶಿಲ್ಕನ್ನು ಯುವಜನರ ಬೇಸಿಗೆಗೆ ಬಳಸುವುದು ಖಾತೆಯ ಉದ್ದೇಶಕ್ಕೆ ಹೊಂದುತ್ತದೆ, ತೆರಿಗೆ ಅಧಿಕಾರಿಯ ಪ್ರಶ್ನೆಗೂ ಉತ್ತರವಾಗುತ್ತದೆ.

ಸ್ವಂತ ಹಣದಿಂದ ಕೊಡುವವರು ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕು. 1961ರ ಕಾಯಿದೆಯ 80ಜಿ ಎಂದು ಪರಿಚಿತವಾದ ರಿಯಾಯಿತಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂ ಸಂಖ್ಯೆ ಬದಲಾಗಿದೆ, ತತ್ವ ಬದಲಾಗಿಲ್ಲ. ರೂ. 2,000 ಮೀರಿದ ನಗದು ದೇಣಿಗೆಗೆ ರಿಯಾಯಿತಿಯಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಈ ಸೌಲಭ್ಯವಿಲ್ಲ. ಪಾಲುದಾರಿಕೆ ಸಂಸ್ಥೆಗಳಿಗೆ ಆ ಪದ್ಧತಿಯೇ ಅನ್ವಯಿಸದ ಕಾರಣ ಅವು ರಿಯಾಯಿತಿ ಪಡೆಯಬಹುದು. ಆದ್ದರಿಂದ ಮಾಲೀಕರು ವೈಯಕ್ತಿಕವಾಗಿ ಕೊಡುವುದೋ, ಸಂಸ್ಥೆಯ ಮೂಲಕ ಕೊಡುವುದೋ ಎಂಬುದನ್ನು ಚೆಕ್ ಬರೆಯುವ ಮುನ್ನವೇ ನಿರ್ಧರಿಸಬೇಕು. ನಗದಿನ ಬದಲು ಅಂಗಡಿಯ ದಾಸ್ತಾನಿನಿಂದ ನೂಲನ್ನೋ ಬಟ್ಟೆಯನ್ನೋ ಉಚಿತವಾಗಿ ಕೊಟ್ಟರೆ, ಅದರ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು 17(5) ಕಲಮಿನಂತೆ ಹಿಂತಿರುಗಿಸಬೇಕಾಗುತ್ತದೆ. ಒಳ್ಳೆಯ ಕೆಲಸಕ್ಕೆ ಕೊಟ್ಟದ್ದೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ಸಿಗುವುದಿಲ್ಲ.

ಶಿಬಿರದ ಹಣವನ್ನು ಯಾರೊಬ್ಬರ ಸ್ವಂತ ಖಾತೆಯಲ್ಲಿ ಇಡಬಾರದು. ನೋಂದಾಯಿತ ಸಂಘ ಅಥವಾ ವಾಣಿಜ್ಯ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಉಳಿತಾಯ ಖಾತೆ, ಇಬ್ಬರ ಜಂಟಿ ಸಹಿ, ದಿನದ ಹಾಜರಿಗೂ ಊಟದ ಬಿಲ್ಲಿಗೂ ತಾಳೆ, ಜೂನ್ ಅಂತ್ಯದೊಳಗೆ ಜಮಾ-ಖರ್ಚಿನ ತಖ್ತೆಯನ್ನು ದಾನಿಗಳೆಲ್ಲರಿಗೂ ತಲುಪಿಸುವುದು ಇಷ್ಟಾದರೆ ಮರುವರ್ಷ ದೇಣಿಗೆ ಕೇಳಲು ಹೋದವರು ಅಂಗಡಿಯ ಹೊಸ್ತಿಲಲ್ಲಿ ನಿಲ್ಲಬೇಕಾಗಿ ಬರುವುದಿಲ್ಲ. ಸಿದ್ಧತೆಯ ಕಾಲವನ್ನೂ ಇಲ್ಲಿ ಹೇಳಬೇಕು. ಏಪ್ರಿಲ್‌ನಲ್ಲಿ ಯೋಚನೆ ಮಾಡಿದರೆ ಶಿಬಿರ ಮೇ ಕೊನೆಗೆ ಆರಂಭವಾಗುತ್ತದೆ, ಅಂದರೆ ಆಗುವುದೇ ಇಲ್ಲ. ಬನಶಂಕರಿ ಜಾತ್ರೆಗೆ ಎಲ್ಲ ವರ್ತಕರೂ ಒಂದೆಡೆ ಸೇರುವ ಜನವರಿಯಲ್ಲಿಯೇ ದೇಣಿಗೆ ನಿಶ್ಚಯವಾಗಿ, ಮಾರ್ಚ್ ಮೊದಲ ವಾರ, ಪರೀಕ್ಷೆಗೆ ಮುನ್ನ, ಶಾಲೆಗಳಲ್ಲಿ ಹೆಸರು ನೋಂದಣಿ ಮುಗಿಯಬೇಕು. ಮಗ್ಗದ ಮನೆಯ, ಗುಳೆ ಹೋಗುವ ಮನೆಯ ಮಕ್ಕಳ ಹೆಸರುಗಳನ್ನು ಶಿಕ್ಷಕರು ಚೆನ್ನಾಗಿ ಬಲ್ಲರು. ಅರ್ಜಿ ಕರೆದು ಕಾಯುತ್ತ ಕುಳಿತರೆ ಬರುವವರು ಬೇರೆಯವರು.

ಉಳಿದಿರುವುದು ಶಿಬಿರದಲ್ಲಿ ತಯಾರಾದ ವಸ್ತುಗಳ ಪ್ರಶ್ನೆ. ಖಣದ ಚೀಲ, ಮರದ ಮಣೆ, ಕಾಗದದ ಲಕೋಟೆ ಏನೇ ಆಗಲಿ, ಮಾರಾಟದ ಹಣ ಸಂಘಟಕರದ್ದಲ್ಲ, ಸಾಮಗ್ರಿ ಕೊಟ್ಟ ಅಂಗಡಿಯದ್ದೂ ಅಲ್ಲ. 10 ವರ್ಷ ಮೀರಿದ ಮಕ್ಕಳು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಿರ್ವಹಿಸಲು ರಿಸರ್ವ್ ಬ್ಯಾಂಕು 2014ರಿಂದ ಅವಕಾಶ ಕೊಟ್ಟಿದೆ. 2025ರ ಏಪ್ರಿಲ್ ಸುತ್ತೋಲೆಯಲ್ಲಿಯೂ ಅದು ಮುಂದುವರಿದಿದೆ. ಮೊತ್ತ ಇನ್ನೂರೋ ಮುನ್ನೂರೋ ಆದರೂ ಅದು ಆ ಖಾತೆಗೆ ಹೋಗಬೇಕು. ಶಿಬಿರದ ಮೊದಲ ವಾರವೇ ಬ್ಯಾಂಕಿನ ವ್ಯವಸ್ಥಾಪಕರನ್ನು ಕರೆಸಿ ಅರ್ಜಿ ನಮೂನೆಗಳನ್ನು ತುಂಬಿಸಿದರೆ, ಕೊನೆಯ ದಿನ ಪ್ರಮಾಣಪತ್ರದೊಂದಿಗೆ ಪಾಸ್‌ಬುಕ್ಕೂ ಕೈಗೆ ಬರುತ್ತದೆ.